ನೆಲದ ಪದರಗಳನ್ನು ಓದಿದ ವಿಲಿಯಂ ಸ್ಮಿತ್

ಮಕ್ಕಳೇ, ಈ ಪುಟ ಓದುವ ಮೊದಲು ಒಂದು ಚಿಕ್ಕ ಪ್ರಯೋಗ ಮಾಡೋಣ. ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಚೆನ್ನಾಗಿ ಒಣಗಿಸಿ ಪುಡಿಮಾಡಿದ ಕೆಂಪು ಮಣ್ಣು, ಇನ್ನೊಂದರಲ್ಲಿ ಅದೇ ರೀತಿ ಪುಡಿಮಾಡಿದ ಎರೆ ಮಣ್ಣು ಹಾಕಿ. ಎರಡರಲ್ಲೂ ಮಣ್ಣು ಎರಡು ಬೆರಳಿನಷ್ಟು ಎತ್ತರ ಇರಲಿ. ಲೋಟದ ಹೊರಗೆ ಆ ಎತ್ತರಕ್ಕೆ ಪೆನ್ನಿನಿಂದ ಗೆರೆ ಎಳೆಯಿರಿ. ನಿಧಾನವಾಗಿ ನೀರು ಸುರಿದು, ಕಲಕದೆ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ನೋಡಿದರೆ ಕೆಂಪು ಮಣ್ಣು ಗೆರೆಯ ಹತ್ತಿರವೇ ಕುಳಿತಿರುತ್ತದೆ. ಎರೆ ಮಣ್ಣು ಗೆರೆ ದಾಟಿ ಮೇಲೆ ಬಂದಿರುತ್ತದೆ. ನೀವು ಮಣ್ಣು ಸೇರಿಸಲಿಲ್ಲ, ಸೇರಿಸಿದ್ದು ನೀರು ಮಾತ್ರ. ಆದರೂ ಮಣ್ಣು ಬೆಳೆಯಿತು!

ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಮಕ್ಕಳಿಗೆ ಇದು ಹೊಸದಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಹೊಲ, ಮಳೆ ಬಂದ ಕೂಡಲೇ ಉಬ್ಬಿ ಬಿರುಕು ಮುಚ್ಚಿಕೊಂಡು ಕಾಲಿಗೆ ಅಂಟುವುದನ್ನು ನೀವು ದಿನವೂ ನೋಡುತ್ತೀರಿ. ಅಂಗಡಿಯಲ್ಲಿ ಮುಖಕ್ಕೆ ಹಚ್ಚಲು ಮಾರುವ ಮುಲ್ತಾನಿ ಮಿಟ್ಟಿಯೂ ಇದೇ ಗುಂಪಿನ ಮಣ್ಣು. ಇವುಗಳನ್ನು ಉಬ್ಬುವ ಜೇಡಿಮಣ್ಣು ಎನ್ನುತ್ತಾರೆ.

ಯಾಕೆ ಉಬ್ಬುತ್ತದೆ? ಮಳೆಯಲ್ಲಿ ನೆನೆದ ನೋಟ್ ಪುಸ್ತಕವನ್ನು ನೆನಪಿಸಿಕೊಳ್ಳಿ. ಹಾಳೆಗಳ ನಡುವೆ ನೀರು ಹೊಕ್ಕು ಪುಸ್ತಕ ದಪ್ಪವಾಗುತ್ತದೆ, ಅಲ್ಲವೇ? ಈ ಮಣ್ಣಿನ ಕಣವೂ ಹಾಳೆಗಳ ಕಟ್ಟಿನಂತೆ ಇದೆ. ಆದರೆ ಅದರ ಹಾಳೆಗಳು ಎಷ್ಟು ತೆಳುವೆಂದರೆ, ಸುಮಾರು ಹತ್ತು ಲಕ್ಷ ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರ್ ದಪ್ಪವಾಗುತ್ತದೆ. ಪ್ರತಿ ಎರಡು ಹಾಳೆಗಳ ನಡುವೆ ನೀರಿನ ಅಣುಗಳು ನುಗ್ಗಿ ಅವುಗಳನ್ನು ದೂರ ತಳ್ಳುತ್ತವೆ. ಒಂದೊಂದು ತಳ್ಳಾಟವೂ ಬಹಳ ಚಿಕ್ಕದು. ಆದರೆ ಕೋಟಿ ಕೋಟಿ ಹಾಳೆಗಳು ಒಟ್ಟಿಗೆ ತಳ್ಳಿದರೆ ಕಲ್ಲಿನ ಗೋಡೆಯೂ ಬಾಗುತ್ತದೆ.

ಇಂಗ್ಲೆಂಡಿನಲ್ಲಿ ನಿಜವಾಗಿಯೂ ಹಾಗೆ ಆಗಿತ್ತು. ಆ ಕಥೆಯ ಜೊತೆಗೇ ಅದೇ ಕಾಲದಲ್ಲಿ, ಅದೇ ಕಾಲುವೆಯ ದಂಡೆಯ ಮೇಲೆ ನಡೆದಾಡುತ್ತಿದ್ದ ಒಬ್ಬ ಕಮ್ಮಾರನ ಮಗನ ಜೀವನ ಕಥೆಯನ್ನೂ ಹೇಳುತ್ತೇನೆ. ನೆಲದ ಕೆಳಗೆ ಯಾವ ಪದರದ ಮೇಲೆ ಯಾವ ಪದರವಿದೆ ಎಂದು ಜಗತ್ತಿಗೆ ಮೊದಲು ಕ್ರಮವಾಗಿ ತೋರಿಸಿದವರಲ್ಲಿ ಆತ ಮುಖ್ಯ. ಹೆಸರು ವಿಲಿಯಂ ಸ್ಮಿತ್.

ವಿಲಿಯಂ ಹುಟ್ಟಿದ್ದು 1769ರ ಮಾರ್ಚ್ 23ರಂದು, ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್ ಪ್ರಾಂತದ ಚರ್ಚಿಲ್ ಎಂಬ ಹಳ್ಳಿಯಲ್ಲಿ. ತಂದೆ ಊರಿನ ಕಮ್ಮಾರ. ವಿಲಿಯಂಗೆ ಎಂಟು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಮತ್ತೆ ಮದುವೆಯಾದರು. ಹುಡುಗ ಬೆಳೆದದ್ದು ದೊಡ್ಡಪ್ಪನ ಆಸರೆಯಲ್ಲಿ. ದೊಡ್ಡಪ್ಪ ಬೇಸಾಯಗಾರ. ಓದು ಹಳ್ಳಿಯ ಶಾಲೆಯಲ್ಲಿ ಮುಗಿಯಿತು.

ಆ ಊರಿನ ಹೊಲಗಳಲ್ಲಿ ವಿಚಿತ್ರ ಕಲ್ಲುಗಳು ಸಿಗುತ್ತಿದ್ದವು. ಕೆಲವು ಗೋಲಿಯ ಗಾತ್ರದವು, ಚಿಪ್ಪಿನ ಆಕಾರದವು. ಮಕ್ಕಳು ಅವುಗಳಲ್ಲಿ ಗೋಲಿಯಾಡುತ್ತಿದ್ದರು. ಇನ್ನು ಕೆಲವು ದೊಡ್ಡವು, ಬನ್ನಿನಂತೆ ದುಂಡಗೆ, ಮೇಲೆ ಐದು ಎಳೆಯ ನಕ್ಷತ್ರದ ಗುರುತು. ಬೆಣ್ಣೆ ಮಾರುವ ಹೆಂಗಸರು ಅವುಗಳನ್ನು ತಕ್ಕಡಿಯಲ್ಲಿ ಪೌಂಡ್ ತೂಕದ ಬಟ್ಟಿನಂತೆ ಬಳಸುತ್ತಿದ್ದರು. ಗೋಲಿಯಂಥವು ಹಳೆಯ ಕಾಲದ ಚಿಪ್ಪುಜೀವಿಗಳು, ಬನ್ನಿನಂಥವು ಸಮುದ್ರದ ಮುಳ್ಳುಚೆಂಡು ಪ್ರಾಣಿಗಳು. ಎರಡೂ ಪಳೆಯುಳಿಕೆಗಳು. ಸಮುದ್ರದಿಂದ ಅಷ್ಟು ದೂರದ ಹೊಲಕ್ಕೆ ಅವು ಹೇಗೆ ಬಂದವು ಎಂದು ಬೆಣ್ಣೆ ತೂಗುವವರು ತಲೆ ಕೆಡಿಸಿಕೊಂಡಿರಲಿಲ್ಲ. ವಿಲಿಯಂ ಅವನ್ನು ಆರಿಸಿ ಗುಡ್ಡೆ ಹಾಕುತ್ತಿದ್ದ. ದೊಡ್ಡಪ್ಪನಿಗೆ ಈ ಕಲ್ಲಿನ ಹುಚ್ಚು ಅಷ್ಟು ಹಿಡಿಸಲಿಲ್ಲ. ಹುಡುಗ ಹೊಲದ ನೀರು ಬಸಿಯುವ ಕೆಲಸದಲ್ಲಿ ಆಸಕ್ತಿ ತೋರಿಸಿದಾಗ ಮಾತ್ರ ಆತನಿಗೆ ಸಮಾಧಾನವಾಗುತ್ತಿತ್ತು. ಮುಂದೆ ಈ ಎರಡೂ ಒಂದೇ ಕೆಲಸವಾಗುತ್ತವೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಅಳತೆಯ ಪುಸ್ತಕವೊಂದನ್ನು ಕೊಂಡು ವಿಲಿಯಂ ತಾನೇ ಕಲಿತ. 1787ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಎಡ್ವರ್ಡ್ ವೆಬ್ ಎಂಬ ಸರ್ವೆಯರ್ ಬಳಿ ಸಹಾಯಕನಾಗಿ ಸೇರಿದ. ಸರಪಳಿ ಹಿಡಿದು ಹೊಲ ಅಳೆಯುವುದು, ಗಡಿ ಗುರುತಿಸುವುದು, ನಕ್ಷೆ ಬರೆಯುವುದು ಅವನ ಕೆಲಸ. 1791ರಲ್ಲಿ ಸಾಮರ್ಸೆಟ್ ಪ್ರಾಂತದ ಒಂದು ಜಮೀನಿನ ಸರ್ವೆಗೆ ಅವನನ್ನು ಕಳುಹಿಸಿದರು. ಅಷ್ಟು ದೂರವನ್ನು ನಡೆದೇ ಹೋದ. ಸಾಮರ್ಸೆಟ್‌ನಲ್ಲಿ ಕಲ್ಲಿದ್ದಲು ಗಣಿಗಳಿದ್ದವು. ಸ್ಮಿತ್ ಅವರ ನಿಜವಾದ ಶಾಲೆ ಅಲ್ಲಿಂದ ಶುರುವಾಯಿತು.

ಗಣಿಯೊಳಗೆ ಇಳಿದಾಗ ಅವರು ಗಮನಿಸಿದ್ದು ಇದು. ಗಣಿ ಕಾರ್ಮಿಕರಿಗೆ ಕಲ್ಲಿದ್ದಲಿನ ಪದರಗಳ ಸರದಿ ಬಾಯಿಪಾಠವಾಗಿತ್ತು. ಈ ಕಲ್ಲಿನ ಕೆಳಗೆ ಆ ಕಲ್ಲು, ಅದರ ಕೆಳಗೆ ಇದ್ದಲು, ಅದರ ಕೆಳಗೆ ಮತ್ತೊಂದು. ಪಕ್ಕದ ಗಣಿಯಲ್ಲೂ ಅದೇ ಸರದಿ. ಆದರೆ ಇದ್ದಲಿನ ಮೇಲಿದ್ದ ಕೆಂಪು ಮಣ್ಣುಕಲ್ಲಿನಿಂದ ಮೇಲಕ್ಕೆ ಯಾವ ಕ್ರಮವೂ ಇಲ್ಲವೆಂದು ಅವರು ನಂಬಿದ್ದರು. ಸ್ಮಿತ್ ಅದನ್ನು ಒಪ್ಪಲಿಲ್ಲ. ಕೆಳಗೆ ಕ್ರಮವಿದ್ದರೆ ಮೇಲೆ ಯಾಕಿರಬಾರದು? ಆದರೆ ಇದಕ್ಕೆ ಉತ್ತರ ಬೇಕಾದರೆ ಮೈಲಿಗಟ್ಟಲೆ ನೆಲವನ್ನು ಅಗೆದು ನೋಡಬೇಕು. ಅಷ್ಟು ಹಣ ಯಾರು ಕೊಡುತ್ತಾರೆ?

ಕಾಲುವೆಯವರು ಕೊಟ್ಟರು! ಗಾಡಿ, ಕುದುರೆಗಳ ಮೇಲೆ ಇದ್ದಲು ಸಾಗಿಸುವುದು ದುಬಾರಿಯಾಗಿತ್ತು. ದೋಣಿಯಲ್ಲಿ ಸಾಗಿಸಿದರೆ ಅಗ್ಗ. ಹೀಗಾಗಿ ಸಾಮರ್ಸೆಟ್ ಇದ್ದಲು ಕಾಲುವೆ ತೋಡಲು ಗಣಿ ಮಾಲೀಕರು ಸೇರಿ ಕಂಪನಿ ಮಾಡಿದರು. ಸರ್ವೆ ಕೆಲಸ ಸ್ಮಿತ್ ಅವರಿಗೆ ಸಿಕ್ಕಿತು. 1795ರಲ್ಲಿ ತೋಡುವ ಕೆಲಸ ಆರಂಭವಾಯಿತು. ಕಾಲುವೆಗೆ ಎರಡು ಕವಲುಗಳು, ಎರಡು ಪಕ್ಕಪಕ್ಕದ ಕಣಿವೆಗಳಲ್ಲಿ. ಸಲಿಕೆ ಇಳಿದ ಕಡೆಯಲ್ಲೆಲ್ಲ ನೆಲದ ಹೊಸ ಮುಖ ತೆರೆದುಕೊಳ್ಳುತ್ತಿತ್ತು. ಒಂದು ಕಣಿವೆಯಲ್ಲಿ ಕಂಡ ಪದರಗಳ ಸರದಿಯೇ ಇನ್ನೊಂದರಲ್ಲೂ ಕಂಡಿತು. ಪದರಗಳು ಸಮನಾಗಿ ಮಲಗಿರಲಿಲ್ಲ, ಎಲ್ಲವೂ ಪೂರ್ವಕ್ಕೆ ಸ್ವಲ್ಪ ವಾಲಿದ್ದವು. ಮನೆಯ ಮಾಡಿನ ಹೆಂಚುಗಳನ್ನು ನೆನಪಿಸಿಕೊಳ್ಳಿ. ಒಂದರ ಅಂಚನ್ನು ಇನ್ನೊಂದು ಮುಚ್ಚಿ, ಎಲ್ಲವೂ ಒಂದೇ ಕಡೆಗೆ ವಾಲಿರುತ್ತವೆ. ಹಾಗಾಗಿ ಪೂರ್ವಕ್ಕೆ ನಡೆಯುತ್ತ ಹೋದರೆ ಒಂದಾದ ಮೇಲೊಂದು ಹೊಸ ಪದರದ ಮೇಲೆ ಕಾಲಿಡುತ್ತೀರಿ. ಕೆಳಗಿನದು ಹಳೆಯದು, ಮೇಲಿನದು ಹೊಸದು.

ಇಂತಹ ಪದರ ಶಿಲೆಗಳನ್ನು ನಿಮ್ಮ ಪಾಠದಲ್ಲಿ ಕಣಶಿಲೆ ಎಂದು ಓದಿದ್ದೀರಿ. ಬಹಳ ಹಿಂದೆ ಅಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಮರಳು, ಕೆಸರು, ಚಿಪ್ಪುಗಳ ಪುಡಿ ಒಂದರ ಮೇಲೊಂದು ಕೂತು ಗಟ್ಟಿಯಾಗಿ ಈ ಪದರಗಳಾದವು. ಮರಳು ಕೂತ ಕಡೆ ಮರಳುಗಲ್ಲು, ಚಿಪ್ಪು ಸುಣ್ಣ ಕೂತ ಕಡೆ ಸುಣ್ಣಕಲ್ಲು, ಸಣ್ಣ ಕೆಸರು ಕೂತ ಕಡೆ ಜೇಡಿ.

ಈಗ ಉಬ್ಬುವ ಮಣ್ಣಿನ ಕಥೆಗೆ ಬರೋಣ. ಕಾಲುವೆ ಕೂಂಬ್ ಹೇ ಎಂಬ ಹಳ್ಳಿಯ ಹತ್ತಿರ ಗುಡ್ಡದಿಂದ ಕೆಳಗಿಳಿಯಬೇಕಿತ್ತು. ದೋಣಿಯನ್ನು ಇಳಿಸಲು ಸಾಮಾನ್ಯವಾಗಿ ಮೆಟ್ಟಿಲು ಮೆಟ್ಟಿಲಾಗಿ ಬಾಗಿಲುಗಳಿರುವ ತೊಟ್ಟಿಗಳನ್ನು ಕಟ್ಟುತ್ತಾರೆ. ಅವನ್ನು ಲಾಕ್ ಎನ್ನುತ್ತಾರೆ. ಪ್ರತಿ ಸಲ ದೋಣಿ ಇಳಿದಾಗ ಒಂದು ತೊಟ್ಟಿ ನೀರು ಕೆಳಗೆ ಹರಿದುಹೋಗುತ್ತದೆ. ಗುಡ್ಡದ ಮೇಲೆ ಅಷ್ಟು ನೀರಿರಲಿಲ್ಲ. ಆಗ ರಾಬರ್ಟ್ ವೆಲ್ಡನ್ ಎಂಬುವರು ಒಂದು ಹೊಸ ಉಪಾಯ ಹೇಳಿದರು. ಕಲ್ಲು ಕಟ್ಟಿದ ಆಳವಾದ ಬಾವಿಯಂಥ ತೊಟ್ಟಿ, ಅದರ ತುಂಬ ನೀರು, ನೀರಿನೊಳಗೆ ಮುಳುಗಿರುವ ಒಂದು ದೊಡ್ಡ ಮರದ ಪೆಟ್ಟಿಗೆ. ದೋಣಿ ಪೆಟ್ಟಿಗೆಯೊಳಗೆ ಹೋಗಬೇಕು, ಬಾಗಿಲು ಭದ್ರವಾಗಿ ಮುಚ್ಚಬೇಕು, ಪೆಟ್ಟಿಗೆ ಸುಮಾರು 46 ಅಡಿ ಕೆಳಗಿಳಿಯಬೇಕು, ಅಲ್ಲಿ ಬಾಗಿಲು ತೆರೆದು ದೋಣಿ ಕೆಳಗಿನ ಕಾಲುವೆಗೆ ಹೋಗಬೇಕು. ನೀರು ಪೋಲಾಗುವುದಿಲ್ಲ. ಓದಲು ಮಜವಾಗಿದೆ, ಆದರೆ ಒಳಗೆ ಕುಳಿತವರ ಗತಿ ಯೋಚಿಸಿ. ಸುತ್ತ ಕತ್ತಲೆ, ಮೇಲೆ ಕೆಳಗೆ ನೀರು.

ಇದನ್ನು 1790ರ ದಶಕದ ಕೊನೆಯಲ್ಲಿ ಕಟ್ಟಿ ಪರೀಕ್ಷಿಸಿದರು. ಮುಂದೆ ರಾಜನಾಗಲಿದ್ದ ಯುವರಾಜನೂ ಬಂದು ನೋಡಿದ. ಕೆಲವು ಸಲ ಪೆಟ್ಟಿಗೆ ಸರಿಯಾಗಿಯೇ ಇಳಿಯಿತು. ಆಮೇಲೆ ತೊಂದರೆ ಶುರುವಾಯಿತು. ಒಮ್ಮೆ ಪೆಟ್ಟಿಗೆ ನಡುವೆ ಸಿಕ್ಕಿಕೊಂಡು, ಒಳಗಿದ್ದವರಿಗೆ ಉಸಿರು ಕಟ್ಟುವಂತಾಗಿ, ಅವರನ್ನು ಹೊರಗೆ ತೆಗೆಯುವಷ್ಟರಲ್ಲಿ ಸಾಕುಸಾಕಾಯಿತು. ಯಾರೂ ಸಾಯಲಿಲ್ಲ, ಪುಣ್ಯ. ಆದರೆ ತೊಟ್ಟಿಯ ಕಲ್ಲಿನ ಗೋಡೆಗಳು ಒಳಕ್ಕೆ ಉಬ್ಬಿದ್ದವು.

ಆ ಜಾಗದಲ್ಲಿದ್ದುದು ಫುಲ್ಲರ್ಸ್ ಅರ್ತ್ ಎಂಬ ಜೇಡಿಯ ಪದರ. ನೆನೆದರೆ ಉಬ್ಬುವ ಜಾತಿಯದು. ತೊಟ್ಟಿ ತೋಡಿ ನೀರು ತುಂಬಿದ ಮೇಲೆ ಸುತ್ತಲಿನ ಜೇಡಿ ನೀರು ಕುಡಿದು ಗೋಡೆಯನ್ನು ತಳ್ಳಿತು. ಪೆಟ್ಟಿಗೆಗೂ ಗೋಡೆಗೂ ನಡುವೆ ಬೇಕಾದ ಜಾಗ ಉಳಿಯಲಿಲ್ಲ. ಕಂಪನಿ ಆ ಯಂತ್ರವನ್ನು ಕೈಬಿಟ್ಟಿತು. ಕೊನೆಗೆ ಅಲ್ಲಿ ಹಳೆಯ ರೀತಿಯ 22 ಲಾಕ್‌ಗಳನ್ನೇ ಕಟ್ಟಬೇಕಾಯಿತು. ಯಂತ್ರದ ಲೆಕ್ಕಾಚಾರ ಮಾಡಿದ್ದರು, ನೆಲದ ಲೆಕ್ಕ ಹಾಕಿರಲಿಲ್ಲ.

ಫುಲ್ಲರ್ಸ್ ಅರ್ತ್ ಎಂದರೆ ಬಟ್ಟೆ ತುಳಿಯುವವರ ಮಣ್ಣು. ಕಂಬಳಿ ನೇಯುವವರ ಮನೆಯ ಮಕ್ಕಳಿಗೆ ಕುರಿಯ ಉಣ್ಣೆಯ ಜಿಡ್ಡು ಗೊತ್ತಿರುತ್ತದೆ. ಸಾಬೂನು ಅಗ್ಗವಾಗಿ ಸಿಗದ ಕಾಲದಲ್ಲಿ, ನೇಯ್ದ ಉಣ್ಣೆ ಬಟ್ಟೆಯನ್ನು ನೀರು ಮತ್ತು ಈ ಮಣ್ಣಿನಲ್ಲಿ ಹಾಕಿ ಕಾಲಿನಿಂದ ತುಳಿಯುತ್ತಿದ್ದರು. ಮಣ್ಣು ಜಿಡ್ಡನ್ನೆಲ್ಲ ಹೀರಿಕೊಳ್ಳುತ್ತಿತ್ತು, ಬಟ್ಟೆ ಒತ್ತಾಗಿ ದಪ್ಪವಾಗುತ್ತಿತ್ತು. ಆಮೇಲೆ ಕಾಲಿನ ಬದಲು ನೀರಿನ ಗಿರಣಿಗಳು ಬಂದವು. ಉಣ್ಣೆಯೇ ಇಂಗ್ಲೆಂಡಿನ ಸಂಪತ್ತಾಗಿದ್ದ ದಿನಗಳಲ್ಲಿ ಈ ಮಣ್ಣನ್ನು ಹೊರದೇಶಕ್ಕೆ ಸಾಗಿಸಬಾರದೆಂದು ಕಾನೂನೇ ಇತ್ತು. ಗೋಡೆ ಬಗ್ಗಿಸಿದ ಮಣ್ಣು ಅದೇ, ನಾಡಿಗೆ ದುಡ್ಡು ತಂದುಕೊಟ್ಟ ಮಣ್ಣೂ ಅದೇ.

ಸ್ಮಿತ್ ಅವರ ಮುಂದಿದ್ದ ಕಷ್ಟವನ್ನು ಈಗ ನೀವು ಅರ್ಥಮಾಡಿಕೊಳ್ಳಬಹುದು. ಆ ನಾಡಿನಲ್ಲಿ ಜೇಡಿಯ ಪದರ ಒಂದಲ್ಲ, ಹಲವು. ನೋಡಲು ಬಹಳಷ್ಟು ಒಂದೇ ತರಹ, ಬೂದು ಇಲ್ಲವೇ ನೀಲಿ ಛಾಯೆ, ಕೈಗೆ ಅಂಟು. ಕಪ್ಪು ಜೇಡಿ ಕಂಡ ಕೂಡಲೇ ಕೆಳಗೆ ಇದ್ದಲು ಇದೆಯೆಂದು ನಂಬಿ ದಕ್ಷಿಣ ಇಂಗ್ಲೆಂಡಿನ ಹಲವು ಜಮೀನುದಾರರು ಬಾವಿ ತೋಡಿಸಿ ಹಣ ಕಳೆದುಕೊಂಡಿದ್ದರು. ಇದ್ದಲಿನ ಜೊತೆಗಿರುವ ಜೇಡಿ ಬೇರೆ, ಅದಕ್ಕಿಂತ ಎಷ್ಟೋ ಮೇಲಿನ ಈ ಜೇಡಿ ಬೇರೆ. ಬಣ್ಣದಿಂದ ಹೇಳಲಾಗದಿದ್ದರೆ ಯಾವುದರಿಂದ ಹೇಳುವುದು?

ಬೆಣ್ಣೆ ತೂಗುವ ಕಲ್ಲುಗಳಿಂದ! 1796ರ ಜನವರಿಯ ಒಂದು ಸಂಜೆ ಡಂಕರ್ಟನ್ ಹಳ್ಳಿಯ ಒಂದು ಛತ್ರದಲ್ಲಿ ಕುಳಿತು ಸ್ಮಿತ್ ಅವರು ತಮ್ಮ ಯೋಚನೆಯನ್ನು ಕಾಗದದ ಮೇಲೆ ಬರೆದಿಟ್ಟರು. ಪ್ರತಿ ಪದರಕ್ಕೂ ಅದರದೇ ಪಳೆಯುಳಿಕೆಗಳಿವೆ. ಒಂದೇ ತರಹ ಕಾಣುವ ಎರಡು ಜೇಡಿಗಳಲ್ಲಿ ಬೇರೆ ಬೇರೆ ಚಿಪ್ಪುಗಳಿದ್ದರೆ ಅವು ಬೇರೆ ಬೇರೆ ಪದರಗಳು. ಐವತ್ತು ಮೈಲಿ ದೂರದ ಎರಡು ಕಡೆ ಒಂದೇ ಸಮೂಹದ ಚಿಪ್ಪುಗಳು ಸಿಕ್ಕರೆ ಅದು ಒಂದೇ ಪದರ. ಇದನ್ನು ಕಂಡುಹಿಡಿಯಲು ಯಾವ ಯಂತ್ರವೂ ಬೇಕಾಗಲಿಲ್ಲ. ಬೇಕಾದದ್ದು ನಡೆಯುವ ಕಾಲು, ಒಂದು ಸುತ್ತಿಗೆ, ಯಾವ ಚಿಪ್ಪು ಎಲ್ಲಿ ಸಿಕ್ಕಿತೆಂದು ತಪ್ಪದೆ ಬರೆದಿಡುವ ಅಭ್ಯಾಸ. ಕಲ್ಲು ಆರಿಸುವ ಹುಡುಗರು ಬಹಳ ಇರುತ್ತಾರೆ. ಸಿಕ್ಕ ಜಾಗವನ್ನು ಬರೆದಿಡುವವರು ಕಡಿಮೆ. ವಿಜ್ಞಾನ ಮೇಳಕ್ಕೆ ನೀವು ತರುವ ಕಲ್ಲುಗಳ ಜೊತೆ ಚೀಟಿ ಇರಬೇಕೆಂದು ನಾನು ಹಠ ಹಿಡಿಯುವುದು ಇದಕ್ಕೇ.

1799ರಲ್ಲಿ ಬಾತ್ ನಗರದಲ್ಲಿ ಇಬ್ಬರು ಪಾದ್ರಿ ಸ್ನೇಹಿತರಾದ ಬೆಂಜಮಿನ್ ರಿಚರ್ಡ್‌ಸನ್ ಮತ್ತು ಜೋಸೆಫ್ ಟೌನ್ಸೆಂಡ್ ಅವರ ಮುಂದೆ ಸ್ಮಿತ್ ಅವರು ಪದರಗಳ ಪಟ್ಟಿಯನ್ನು ಬಾಯಲ್ಲೇ ಹೇಳುತ್ತ ಹೋದರು. ರಿಚರ್ಡ್‌ಸನ್ ಬರೆದುಕೊಂಡರು. ಮೇಲೆ ಸೀಮೆಸುಣ್ಣದ ಕಲ್ಲಿನಿಂದ ಹಿಡಿದು ಕೆಳಗೆ ಇದ್ದಲಿನವರೆಗೆ ಒಟ್ಟು 23 ಪದರಗಳು. ಅದರಲ್ಲಿ ಫುಲ್ಲರ್ಸ್ ಅರ್ತ್ ಕೂಡ ತನ್ನ ಜಾಗದಲ್ಲಿದೆ. ಮೇಲೆ ಬಾತ್ ನಗರದ ಮನೆಗಳನ್ನು ಕಟ್ಟಿದ ಜೇನುಬಣ್ಣದ ಸುಣ್ಣಕಲ್ಲು, ಕೆಳಗೆ ಇನ್ನೊಂದು ಸುಣ್ಣಕಲ್ಲು, ನಡುವೆ ಈ ಜೇಡಿ. ರಿಚರ್ಡ್‌ಸನ್ ಅವರ ಮನೆಯಲ್ಲಿ ಪಳೆಯುಳಿಕೆಗಳ ಒಳ್ಳೆಯ ಸಂಗ್ರಹವಿತ್ತು. ಯಾವುದು ಯಾವ ಪದರದಿಂದ ಬಂದದ್ದೆಂದು ಸ್ಮಿತ್ ಅವರು ನೋಡಿದ ಕೂಡಲೇ ಹೇಳಿದಾಗ, ಅವನ್ನು ಕೂಡಿಸಿದವರೇ ಬೆರಗಾದರು. ಪಟ್ಟಿಯ ನಕಲುಗಳು ಕೈಯಿಂದ ಕೈಗೆ ಹೋದವು. ಸ್ಮಿತ್ ಅದನ್ನು ಬಚ್ಚಿಡಲಿಲ್ಲ. ಅದರ ಲಾಭವನ್ನು ಬೇರೆಯವರು ಪಡೆದರು, ಅದನ್ನು ಮುಂದೆ ಹೇಳುತ್ತೇನೆ.

ಅದೇ ವರ್ಷ ಕಾಲುವೆ ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. ಅದೇ ವರ್ಷ ವಿಪರೀತ ಮಳೆ. ಬಾತ್ ಸುತ್ತಲಿನ ಗುಡ್ಡಗಳು ಅಲ್ಲಲ್ಲಿ ಜಾರತೊಡಗಿದವು. ಯಾಕೆ ಎನ್ನುವುದು ಪದರಗಳ ಪಟ್ಟಿಯಲ್ಲೇ ಇದೆ, ನೋಡಿ. ಮೇಲಿನ ಸುಣ್ಣಕಲ್ಲು ಬಿರುಕುಗಳಿಂದ ತುಂಬಿದೆ, ಮಳೆ ನೀರು ಅದರೊಳಗೆ ಇಳಿಯುತ್ತದೆ. ಕೆಳಗೆ ಬಂದಾಗ ಜೇಡಿ ಸಿಗುತ್ತದೆ. ನೆನೆದು ಉಬ್ಬಿದ ಜೇಡಿ ತನ್ನ ರಂಧ್ರಗಳನ್ನೆಲ್ಲ ಮುಚ್ಚಿಕೊಂಡುಬಿಡುತ್ತದೆ, ನೀರನ್ನು ಕೆಳಗೆ ಬಿಡುವುದಿಲ್ಲ. ಹೋಗಲು ದಾರಿಯಿಲ್ಲದ ನೀರು ಎರಡೂ ಪದರ ಕೂಡುವ ಕಡೆ ಗುಡ್ಡದ ಪಕ್ಕದಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಮಳೆ ಹೆಚ್ಚಾದರೆ ಜೇಡಿ ಮೆತ್ತಗಾಗಿ ಜಾರುಮಣೆಯಂತಾಗುತ್ತದೆ. ಮೇಲಿನ ಭಾರವೆಲ್ಲ ಅದರ ಮೇಲೆ ಜಾರುತ್ತದೆ.

ಗುಡ್ಡವನ್ನು ಗೋಡೆ ಕಟ್ಟಿ ನಿಲ್ಲಿಸಲು ಸ್ಮಿತ್ ಹೋಗಲಿಲ್ಲ. ಗುಡ್ಡದೊಳಕ್ಕೆ ಸುರಂಗದಂತೆ ತೋಡಿಸಿ, ಬುಗ್ಗೆಯ ನೀರು ಜೇಡಿಯನ್ನು ನೆನೆಸುವ ಮೊದಲೇ ಅದನ್ನು ಹಿಡಿದು ಬೇರೆ ದಾರಿಯಲ್ಲಿ ಹೊರಗೆ ಹರಿಸಿದರು. ನೀರು ಸಿಗದ ಜೇಡಿ ತೆಪ್ಪಗೆ ಕೂತಿತು. ಜೌಗು ಹೊಲಗಳಿಗೂ ಅವರದು ಇದೇ ಮದ್ದು. ಜೌಗು ಇರುವ ಕಡೆ ಅಲ್ಲ, ನೀರು ಹೊರಬೀಳುವ ಗೆರೆಯಲ್ಲಿ ಕಾಲುವೆ ತೋಡಬೇಕು. ವೋಬರ್ನ್‌ನಲ್ಲಿ ಬೆಡ್‌ಫರ್ಡ್ ಡ್ಯೂಕ್ ಅವರ ಜಮೀನಿನ ಪ್ರಿಸ್ಲಿ ಜೌಗನ್ನು ಒಣಗಿಸಿದ್ದಕ್ಕೆ 1805ರಲ್ಲಿ ಅವರಿಗೆ ಪದಕವೂ ಬಂತು. ಹೊಲದ ನೀರು ಬಸಿಯುವುದನ್ನು ಮೆಚ್ಚುತ್ತಿದ್ದ ದೊಡ್ಡಪ್ಪ ಇದನ್ನು ನೋಡಿದ್ದರೆ ಚಿಪ್ಪು ಕಲ್ಲುಗಳನ್ನೂ ಕ್ಷಮಿಸುತ್ತಿದ್ದನೇನೋ.

ಇಂತಹ ಕೆಲಸಗಳಿಂದ ಬಂದ ಹಣವನ್ನೆಲ್ಲ ಅವರು ತಿರುಗಾಟಕ್ಕೆ ಸುರಿದರು. ಕೆಲವು ವರ್ಷ ಹತ್ತು ಸಾವಿರ ಮೈಲಿಯಷ್ಟು ದಾರಿ ಸವೆಸಿದರಂತೆ, ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ, ಗಾಡಿಯಲ್ಲಿ. ಆಗಿನ್ನೂ ರೈಲು ಇರಲಿಲ್ಲ. ಜನ ಅವರನ್ನು ಸ್ಟ್ರಾಟಾ ಸ್ಮಿತ್ ಎಂದು ಕರೆದರು. ನಮ್ಮಲ್ಲಿಯಾದರೆ ಪದರದ ಸ್ಮಿತ್ಪ್ಪ ಎನ್ನುತ್ತಿದ್ದೆವೋ ಏನೋ!

1815ರಲ್ಲಿ ಅವರ ದೊಡ್ಡ ನಕ್ಷೆ ಹೊರಬಂತು. ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಒಂದು ಭಾಗ ಅದರಲ್ಲಿದೆ. ಸುಮಾರು 1,75,000 ಚದರ ಕಿಲೋಮೀಟರ್, ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ಕಡಿಮೆ. ಅದನ್ನು ಒಬ್ಬನೇ ಮನುಷ್ಯ ಸರ್ವೆ ಮಾಡಿದ್ದ. ನಕ್ಷೆಯ ಎತ್ತರ ಎಂಟು ಅಡಿಗೂ ಹೆಚ್ಚು, ಅಗಲ ಆರು ಅಡಿಗೂ ಹೆಚ್ಚು. ನಿಮ್ಮ ತರಗತಿಯ ಕರಿಹಲಗೆಯನ್ನು ಎತ್ತಿ ನಿಲ್ಲಿಸಿದಂತೆ ಊಹಿಸಿ. ಪ್ರತಿ ಪದರಕ್ಕೂ ಒಂದು ಬಣ್ಣ, ಅದನ್ನು ಕೈಯಿಂದಲೇ ಹಚ್ಚಬೇಕು. ಪದರದ ತಳ ಇರುವ ಕಡೆ ಬಣ್ಣ ಗಾಢ, ಮೇಲಕ್ಕೆ ಹೋಗುತ್ತ ತೆಳು. ಹಾಗಾಗಿ ಯಾವುದು ಯಾವುದರ ಮೇಲೆ ಕೂತಿದೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಇಡೀ ದೇಶದ ಶಿಲೆಗಳನ್ನು ಇಷ್ಟು ವಿವರವಾಗಿ ತೋರಿಸಿದ ನಕ್ಷೆ ಅದಕ್ಕೆ ಮೊದಲು ಎಲ್ಲಿಯೂ ಇರಲಿಲ್ಲ. ಸುಮಾರು 400 ಪ್ರತಿಗಳು ತಯಾರಾದವು. ಮರುವರ್ಷದಿಂದ ಯಾವ ಪದರದಲ್ಲಿ ಯಾವ ಪಳೆಯುಳಿಕೆ ಎಂದು ತೋರಿಸುವ ಸಚಿತ್ರ ಪುಸ್ತಕದ ಭಾಗಗಳೂ ಬಂದವು. ಪದರದ ಬಣ್ಣಕ್ಕೆ ಹೊಂದುವ ಬಣ್ಣದ ಕಾಗದದ ಮೇಲೆ ಚಿತ್ರಗಳನ್ನು ಮುದ್ರಿಸಿದ್ದರು.

ಇಷ್ಟು ಮಾಡಿದವರಿಗೆ ಗೌರವ ಸಿಕ್ಕಿರಬೇಕು ಎಂದುಕೊಂಡಿರಾ? ಲಂಡನ್ನಿನಲ್ಲಿ 1807ರಲ್ಲೇ ಭೂವಿಜ್ಞಾನ ಸಂಘವೊಂದು ಹುಟ್ಟಿತ್ತು. ಸದಸ್ಯರಲ್ಲಿ ಹೆಚ್ಚಿನವರು ಸಿರಿವಂತರು, ಹೊಟ್ಟೆಪಾಡಿಗೆ ಕೆಲಸ ಮಾಡಬೇಕಾಗಿಲ್ಲದವರು. ಕಮ್ಮಾರನ ಮಗನನ್ನು, ಕೂಲಿ ಪಡೆದು ಹೊಲ ಅಳೆಯುವವನನ್ನು ಅವರು ಸದಸ್ಯನನ್ನಾಗಿ ಸೇರಿಸಿಕೊಳ್ಳಲಿಲ್ಲ. ಆ ಸಂಘದ ಜಾರ್ಜ್ ಗ್ರೀನೋ ಎಂಬುವರು 1820ರಲ್ಲಿ ತಮ್ಮದೇ ನಕ್ಷೆ ಪ್ರಕಟಿಸಿದರು. ಅದರಲ್ಲಿ ಸ್ಮಿತ್ ಅವರ ಕೆಲಸದ ನೆರಳು ಬಹಳವಿತ್ತು, ಬೆಲೆ ಮಾತ್ರ ಕಡಿಮೆ ಇತ್ತು. ನನ್ನ ಮಟ್ಟಿಗೆ ಇದು ವಿಜ್ಞಾನದ ಇತಿಹಾಸದಲ್ಲಿ ನಾಚಿಕೆಪಡಬೇಕಾದ ಸಂಗತಿಗಳಲ್ಲಿ ಒಂದು.

ಸ್ಮಿತ್ ಅವರ ತಪ್ಪೂ ಇತ್ತು, ಅದನ್ನು ಮುಚ್ಚಿಡುವುದು ಬೇಡ. ದುಡ್ಡಿನ ವಿಷಯದಲ್ಲಿ ಅವರು ಜಾಣರಲ್ಲ. ಬಾತ್ ಹತ್ತಿರ ಒಂದು ಕಲ್ಲು ಗಣಿ ಮಾಡಲು ಸಾಲ ತಂದರು. ಗಣಿಯಿಂದ ಕಾಲುವೆಯವರೆಗೆ ಕಲ್ಲು ಸಾಗಿಸಲು ಹಳಿದಾರಿಯನ್ನೂ ಹಾಕಿಸಿದರು. ತೆಗೆದು ನೋಡಿದರೆ ಕಲ್ಲು ಕಳಪೆ! ದೇಶದ ಕಲ್ಲನ್ನೆಲ್ಲ ಬಲ್ಲವರಿಗೆ ಸ್ವಂತ ಗಣಿಯ ಕಲ್ಲೇ ಕೈಕೊಟ್ಟಿತು. ಸಾಲ ತೀರಿಸಲು, ವರ್ಷಗಟ್ಟಲೆ ಕೂಡಿಸಿದ ಎರಡು ಸಾವಿರಕ್ಕೂ ಹೆಚ್ಚು ಪಳೆಯುಳಿಕೆಗಳನ್ನು ಬ್ರಿಟಿಷ್ ಮ್ಯೂಸಿಯಂಗೆ ಮಾರಿದರು. ಸುಮಾರು 700 ಪೌಂಡ್ ಬಂತು, ಸಾಕಾಗಲಿಲ್ಲ. 1819ರ ಜೂನ್‌ನಲ್ಲಿ ಸಾಲಗಾರರನ್ನು ಇಡುವ ಜೈಲಿಗೆ ಹಾಕಿದರು. ಹನ್ನೊಂದು ವಾರ ಅಲ್ಲಿದ್ದು ಆಗಸ್ಟ್ ಕೊನೆಗೆ ಹೊರಬಂದಾಗ ಲಂಡನ್ನಿನ ಮನೆಯೂ ಸಾಮಾನೂ ಹೋಗಿತ್ತು. ಅವರಿಗೆ ಆಗ ಐವತ್ತು ವರ್ಷ.

ಅವರು ಲಂಡನ್ ಬಿಟ್ಟು ಉತ್ತರದ ಯಾರ್ಕ್‌ಶೈರ್ ಕಡೆ ಹೋದರು. ಜೊತೆಗೆ ಹೆಂಡತಿ, ಮತ್ತು ಸೋದರಳಿಯ ಜಾನ್ ಫಿಲಿಪ್ಸ್. ತಂದೆತಾಯಿ ಇಲ್ಲದ ಆ ಹುಡುಗನನ್ನು ಸ್ಮಿತ್ ಅವರೇ ಸಾಕಿ ಪದರಗಳ ವಿದ್ಯೆ ಕಲಿಸಿದ್ದರು. ಊರಿಂದ ಊರಿಗೆ ಹೋಗುತ್ತ, ಸಿಕ್ಕ ಸರ್ವೆ ಕೆಲಸ ಮಾಡುತ್ತ, ಉಪನ್ಯಾಸ ಕೊಡುತ್ತ ಹಲವು ವರ್ಷ ಕಳೆದರು. 1828ರಿಂದ ಆರು ವರ್ಷ ಹ್ಯಾಕ್ನೆಸ್ ಎಂಬಲ್ಲಿ ಒಂದು ಜಮೀನಿನ ಮೇಲ್ವಿಚಾರಕರಾಗಿದ್ದರು. ಹತ್ತಿರದ ಸ್ಕಾರ್ಬರೋ ಪಟ್ಟಣದಲ್ಲಿ 1829ರಲ್ಲಿ ಒಂದು ದುಂಡು ಆಕಾರದ ಮ್ಯೂಸಿಯಂ ಕಟ್ಟಿದರು. ಗೋಡೆಯ ಸುತ್ತ ಪಳೆಯುಳಿಕೆಗಳನ್ನು ಪದರಗಳ ಸರದಿಯಲ್ಲೇ, ಕೆಳಗೆ ಹಳೆಯವು ಮೇಲೆ ಹೊಸವು ಎಂದು ಇಡುವ ಸಲಹೆ ಸ್ಮಿತ್ ಅವರದು.

ಅಷ್ಟರಲ್ಲಿ ಲಂಡನ್ನಿನ ಸಂಘದಲ್ಲಿ ಹೊಸ ತಲೆಮಾರು ಬಂದಿತ್ತು. 1831ರಲ್ಲಿ ಸಂಘವು ವೊಲ್ಲಾಸ್ಟನ್ ಪದಕವನ್ನು ಮೊಟ್ಟಮೊದಲ ಬಾರಿಗೆ ಕೊಟ್ಟಿತು. ಕೊಟ್ಟಿದ್ದು ಸ್ಮಿತ್ ಅವರಿಗೆ. ಸಂಘದ ಅಧ್ಯಕ್ಷ ಆಡಂ ಸೆಜ್‌ವಿಕ್ ತುಂಬಿದ ಸಭೆಯಲ್ಲಿ ಅವರನ್ನು ಇಂಗ್ಲಿಷ್ ಭೂವಿಜ್ಞಾನದ ತಂದೆಯೆಂದು ಕರೆದರು. ಮರುವರ್ಷದಿಂದ ಸರ್ಕಾರ ವರ್ಷಕ್ಕೆ 100 ಪೌಂಡ್ ಪಿಂಚಣಿ ಕೊಟ್ಟಿತು. 1835ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜು ಗೌರವ ಡಾಕ್ಟರೇಟ್ ನೀಡಿತು. ಹಳ್ಳಿ ಶಾಲೆಯ ಓದಿನ ಮೇಲೆ ನೇರವಾಗಿ ಡಾಕ್ಟರೇಟ್!

1839ರಲ್ಲಿ ವಿಜ್ಞಾನಿಗಳ ಸಮ್ಮೇಳನಕ್ಕೆಂದು ಬರ್ಮಿಂಗ್‌ಹ್ಯಾಮ್‌ಗೆ ಹೊರಟವರು ದಾರಿಯಲ್ಲಿ ನಾರ್ಥಾಂಪ್ಟನ್‌ನ ಸ್ನೇಹಿತರ ಮನೆಯಲ್ಲಿ ತಂಗಿದರು. ಅಲ್ಲಿ ಶೀತವಾಗಿ ಮಲಗಿದವರು ಏಳಲಿಲ್ಲ. ಆಗಸ್ಟ್ 28ರಂದು, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ಊರಿನ ಸೇಂಟ್ ಪೀಟರ್ ಚರ್ಚಿನಲ್ಲಿ ಸಮಾಧಿ ಮಾಡಿದರು. ಸೋದರಳಿಯ ಫಿಲಿಪ್ಸ್ ಮುಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಕಲಿಸಿದರು, ಸೋದರಮಾವನ ಜೀವನಚರಿತ್ರೆಯನ್ನೂ ಬರೆದರು.

ಜೇಡಿ ಯಾವ ಪದರದಲ್ಲಿದೆ, ನೆನೆದರೆ ಏನು ಮಾಡುತ್ತದೆ ಎನ್ನುವುದು ಸ್ಮಿತ್ ಅವರಿಗೆ ಗೊತ್ತಿತ್ತು. ಅದು ಯಾಕೆ ಉಬ್ಬುತ್ತದೆ ಎನ್ನುವುದು ಅವರ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉಬ್ಬುವ ಖನಿಜಕ್ಕೆ ಮಾಂಟ್‌ಮೊರಿಲೊನೈಟ್ ಎಂದು ಹೆಸರಿಟ್ಟಿದ್ದು 1847ರಲ್ಲಿ, ಫ್ರಾನ್ಸಿನ ಮಾಂಟ್‌ಮೊರಿಲೋನ್ ಎಂಬ ಊರಿನ ಮೇಲೆ. ಮೊದಲಲ್ಲಿ ಹೇಳಿದ ಹಾಳೆಗಳ ಕಟ್ಟು ಎಕ್ಸ್-ಕಿರಣಗಳ ಸಹಾಯದಿಂದ ಕಂಡಿದ್ದು 1930ರ ದಶಕದಲ್ಲಿ. ಬಾತ್ ಸುತ್ತಲಿನ ಒಳ್ಳೆಯ ಫುಲ್ಲರ್ಸ್ ಅರ್ತ್ ಸುಮಾರು 16-17 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿ ಸಮುದ್ರದ ತಳದಲ್ಲಿ ಕೂತು ಮಾರ್ಪಟ್ಟು ಆದದ್ದು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ನಮ್ಮ ವಿಜಯಪುರದ ಎರೆ ಮಣ್ಣು ಹಾಗಲ್ಲ. ಅದು ಹಳೆಯ ಲಾವಾ ಆರಿ ಆದ ಬಸಾಲ್ಟ್ ಶಿಲೆ ಬಿಸಿಲು ಮಳೆಗೆ ಶಿಥಿಲವಾಗಿ ನೆಲದ ಮೇಲೇ ಆದ ಮಣ್ಣು. ಹುಟ್ಟಿದ ದಾರಿ ಬೇರೆ, ಒಳಗಿನ ಹಾಳೆಗಳು ಒಂದೇ ಬಗೆಯವು. ಲಂಡನ್ ನಗರದ ಕೆಳಗಿರುವ ಜೇಡಿಗೂ ಸ್ವಲ್ಪ ಈ ಗುಣವಿದೆ. 1976ರ ಬರದಲ್ಲಿ ಆ ಜೇಡಿ ಒಣಗಿ ಕುಗ್ಗಿ ಅಲ್ಲಿನ ಎಷ್ಟೋ ಮನೆಗಳ ಗೋಡೆ ಬಿರುಕು ಬಿಟ್ಟಿತ್ತು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. 1798ರಲ್ಲಿ ಸ್ಮಿತ್ ಅವರು ಕಾಲುವೆಯ ದಂಡೆಯಲ್ಲಿ ಒಂದು ಮನೆ ಕೊಂಡಿದ್ದರು. ಆ ಜಾಗದ ಹೆಸರು ಟಕ್ಕಿಂಗ್ ಮಿಲ್. ಆ ಕಡೆಯ ಮಾತಿನಲ್ಲಿ ಟಕ್ಕಿಂಗ್ ಎಂದರೆ ಉಣ್ಣೆ ಬಟ್ಟೆಯನ್ನು ತುಳಿದು ಹದಮಾಡುವುದು, ಅಂದರೆ ಫುಲ್ಲರ್ಸ್ ಅರ್ತ್ ಬೇಕಾಗುವ ಅದೇ ಕೆಲಸ. ಅವರು ತೀರಿಕೊಂಡು ಸುಮಾರು ನಲವತ್ತೈದು ವರ್ಷಗಳ ನಂತರ ಅಲ್ಲೇ ಫುಲ್ಲರ್ಸ್ ಅರ್ತ್ ಹದಮಾಡುವ ಕಾರ್ಖಾನೆಯೊಂದು ಬಂತು. ಸ್ಮಿತ್ ಅವರು ಅಲ್ಲಿ ವಾಸವಾಗಿದ್ದರೆಂದು ತಿಳಿಸುವ ಕಲ್ಲಿನ ಫಲಕವೂ ಟಕ್ಕಿಂಗ್ ಮಿಲ್‌ನ ಒಂದು ಮನೆಯ ಗೋಡೆಯ ಮೇಲಿದೆ. ಆದರೆ ಅದು ಅವರ ಮನೆಯಲ್ಲ, ಹತ್ತಿರದ ಬೇರೆ ಮನೆ. ಯಾವ ಚಿಪ್ಪು ಎಲ್ಲಿ ಸಿಕ್ಕಿತೆಂದು ಜೀವನವಿಡೀ ತಪ್ಪದೆ ಬರೆದಿಟ್ಟವರ ಫಲಕವನ್ನೇ ತಪ್ಪು ಗೋಡೆಗೆ ಹಾಕಿದ್ದಾರೆ!